ಒಂಬತ್ತು ಲಕ್ಷದ ಮನೆ

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡ್ತಾ ಬಂದ ವಿಷಯ ಇದು. ಆಫೀಸಿನ ರಿಲೀಸು, ರಾತ್ರಿ ಹನ್ನೊಂದರ ಕಾನ್ಫರೆನ್ಸ್ ಕಾಲು ಇವುಗಳ ಮಧ್ಯೆ ನಾಲ್ಕು ಸಾಲು ಕುಟ್ಟೋಕೂ ಪುರುಸೊತ್ತು ಆಗಿರಲಿಲ್ಲ. ಇವತ್ತು ಶನಿವಾರ, ಹೊರಗೆ ಮಳೆ, ಕೈಯಲ್ಲಿ ಕಾಫಿ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :-)

ಮೊದಲಿಗೆ ಒಂದು ಪ್ರಶ್ನೆ. ಜಂಗಲ್ ಬುಕ್‌ನ ಮೋಗ್ಲಿ ಹುಟ್ಟಿದ್ದು ಎಲ್ಲಿ? ಮಧ್ಯಪ್ರದೇಶದ ಸಿಯೋನಿ ಕಾಡಿನಲ್ಲಿ ಅಂದರೆ ಕಥೆಯ ಮಟ್ಟಿಗೆ ನೂರಕ್ಕೆ ನೂರು ಮಾರ್ಕ್ಸು. ಆದರೆ ಕಾಗದದ ಮೇಲೆ ಅವನು ಹುಟ್ಟಿದ್ದು ಹುಲಿಯೂ ಇಲ್ಲದ, ಕೋತಿಯೂ ಇಲ್ಲದ, ವರ್ಷದಲ್ಲಿ ನಾಲ್ಕೈದು ತಿಂಗಳು ಹಿಮ ಕಾಣುವ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ. ಅಲ್ಲಿ ಬ್ರ್ಯಾಟಲ್‌ಬರೋ ಅನ್ನೋ ಊರಿನ ಉತ್ತರಕ್ಕೆ, ಡಮ್ಮರ್‌ಸ್ಟನ್ನಿನ ಗುಡ್ಡದ ಮೇಲೆ ರಡ್ಯಾರ್ಡ್ ಕಿಪ್ಲಿಂಗ್ ಒಂದು ಮನೆ ಕಟ್ಟಿಸಿದ್ದ. ಅದರ ಹೆಸರು 'ನೌಲಖಾ'. ನಮ್ಮ ಬಾಯಲ್ಲಿ ನವಲಕ್ಷ, ಒಂಬತ್ತು ಲಕ್ಷ.

ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಆ ಮನೆಯಲ್ಲಿ ನಾವು ಮೂರು ರಾತ್ರಿ ಇದ್ದೆವು. ಮ್ಯೂಸಿಯಂ ನೋಡೋ ಹಾಗೆ ಹಗ್ಗದ ಆಚೆ ನಿಂತು ನೋಡಿದ್ದಲ್ಲ. ಅವನ ಊಟದ ಕೋಣೆಯಲ್ಲಿ ಅಮ್ಮ ಮಾಡಿದ ಬಿಸಿಬೇಳೆಬಾತ್ ತಿಂದು, ಅವನ ಸ್ನಾನದ ತೊಟ್ಟಿಯಲ್ಲಿ ಸ್ನಾನ ಮಾಡಿ, ಅವನು ಬರೆಯುತ್ತಿದ್ದ ಕೋಣೆಯಲ್ಲಿ ಅಕ್ಕನ ಮಕ್ಕಳು ಹೋಂವರ್ಕ್ ಮಾಡಿ ಬಂದಿದ್ದು. ನಾನಾಗ ಪ್ರಾಜೆಕ್ಟ್ ಮೇಲೆ ಬಾಸ್ಟನ್ನಿನಲ್ಲಿದ್ದೆ. ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ದರು. ನ್ಯೂಜೆರ್ಸಿಯಿಂದ ಅಕ್ಕ, ಭಾವ, ಇಬ್ಬರು ಮಕ್ಕಳು. ಜೊತೆಗೆ ಅಲ್ಲೇ ಎಂ.ಎಸ್. ಓದುತ್ತಿದ್ದ ನನ್ನ ಚಿಕ್ಕಪ್ಪನ ಮಗ. ಒಟ್ಟು ಎಂಟು ಜನ. ಆ ಮನೆಯಲ್ಲಿ ಮಲಗಬಹುದಾದ್ದೂ ಸರಿಯಾಗಿ ಎಂಟೇ ಜನ.

ಚಿಕ್ಕಪ್ಪನ ಮಗನನ್ನು ಕರೆದದ್ದು ಅಕ್ಕ. ಅಪ್ಪನಿಗೂ ಚಿಕ್ಕಪ್ಪನಿಗೂ ಮಾತು ನಿಂತು ಆಗಲೇ ಎಂಟು ವರ್ಷ. ಕಾರಣ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ. ಅದರ ವಿಷಯ ಕೊನೆಗೆ ಬರ್ತೀನಿ.

ಹೆಸರಿನ ಕಥೆ

ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ ಮುಂಬಯಿಯಲ್ಲಿ. ಹದಿನಾರು ವರ್ಷದವನಿದ್ದಾಗ, 1882ರಲ್ಲಿ, ಲಾಹೋರಿಗೆ ಬಂದು 'ಸಿವಿಲ್ ಅಂಡ್ ಮಿಲಿಟರಿ ಗೆಜೆಟ್' ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ. ಲಾಹೋರ್ ಕೋಟೆಯೊಳಗೆ ಷಹಜಹಾನನ ಕಾಲದ ಒಂದು ಅಮೃತಶಿಲೆಯ ಮಂಟಪ ಇದೆ. ಕಟ್ಟೋಕೆ ಒಂಬತ್ತು ಲಕ್ಷ ರೂಪಾಯಿ ಹಿಡಿಯಿತು ಅಂತ ಅದಕ್ಕೆ ನೌಲಖಾ ಅಂತಲೇ ಹೆಸರು. ಆ ಪದ ಕಿಪ್ಲಿಂಗನ ತಲೆಯಲ್ಲಿ ಕೂತುಬಿಟ್ಟಿತ್ತು.

ಮುಂದೆ ಲಂಡನ್ನಿಗೆ ಹೋದಾಗ ಅಲ್ಲಿ ವೋಲ್ಕಾಟ್ ಬ್ಯಾಲೆಸ್ಟಿಯರ್ ಎಂಬ ಅಮೆರಿಕನ್ ಪ್ರಕಾಶಕನ ಸ್ನೇಹವಾಯ್ತು. ಇಬ್ಬರೂ ಸೇರಿ ಒಂದು ಕಾದಂಬರಿ ಬರೆದರು. ಭಾರತದ ಒಂದು ಸಂಸ್ಥಾನದ ಬೆಲೆಬಾಳುವ ಕಂಠೀಹಾರದ ಸುತ್ತ ಸುತ್ತುವ ಕಥೆ ಅದು. ಹೆಸರು ನೌಲಖಾ, ಆದರೆ ಇಂಗ್ಲಿಷ್ ಕಾಗುಣಿತ ತಪ್ಪಾಗಿ ಅಚ್ಚಾಯ್ತು. ಪುಸ್ತಕ ಹೊರಬರುವ ಮೊದಲೇ, 1891ರ ಡಿಸೆಂಬರಿನಲ್ಲಿ, ವೋಲ್ಕಾಟ್ ಟೈಫಾಯ್ಡ್ ಬಂದು ತೀರಿಹೋದ. ಒಂದೂವರೆ ತಿಂಗಳೊಳಗೆ, 1892ರ ಜನವರಿ 18ರಂದು, ಕಿಪ್ಲಿಂಗ್ ಗೆಳೆಯನ ತಂಗಿ ಕ್ಯಾರಿಯನ್ನು ಮದುವೆಯಾದ. ತೀರಿಹೋದ ಗೆಳೆಯನ ನೆನಪಿಗೆ ಮನೆಗೆ ಆ ಹೆಸರಿಟ್ಟ. ಈ ಸಲ ಕಾಗುಣಿತ ಸರಿಯಾಗಿಯೇ ಬರೆಸಿದ.

ವರ್ಮಾಂಟಿಗೆ ಹೋಗಿ ನೆಲೆಸಿದ್ದಕ್ಕೆ ಕಾರಣ ಕ್ಯಾರಿಯ ತವರು ಅಲ್ಲಿತ್ತು ಅನ್ನೋದು ಒಂದು. ಇನ್ನೊಂದು, ದುಡ್ಡು ಮುಳುಗಿದ್ದು. ಮದುವೆಯಾಗಿ ಪ್ರಪಂಚ ಸುತ್ತಲು ಹೊರಟ ದಂಪತಿ ಜಪಾನಿನಲ್ಲಿದ್ದಾಗ ಕಿಪ್ಲಿಂಗ್ ಹಣ ಇಟ್ಟಿದ್ದ ಬ್ಯಾಂಕು ಬಾಗಿಲು ಹಾಕಿತು. ಸುಮಾರು 2,000 ಪೌಂಡ್ ಹೋಯ್ತು. ಆಗ ಕ್ಯಾರಿ ತುಂಬಿದ ಬಸುರಿ ಆಗುವ ದಿನಗಳು ದೂರವಿರಲಿಲ್ಲ. ವರ್ಮಾಂಟಿಗೆ ವಾಪಸ್ ಬಂದು ತಿಂಗಳಿಗೆ ಹತ್ತು ಡಾಲರ್ ಬಾಡಿಗೆಯ ಒಂದು ಪುಟ್ಟ ಮನೆ ಹಿಡಿದರು. ಹೆಸರು ಬ್ಲಿಸ್ ಕಾಟೇಜ್. 1892ರ ಡಿಸೆಂಬರ್ 29ರಂದು, ಹೊರಗೆ ಮೂರಡಿ ಹಿಮ ಬಿದ್ದಿದ್ದಾಗ, ಅಲ್ಲಿ ಮಗಳು ಜೋಸೆಫಿನ್ ಹುಟ್ಟಿದಳು. ಅದೇ ಚಳಿಗಾಲದಲ್ಲಿ, ಅದೇ ಕಿರುಮನೆಯಲ್ಲಿ, ತೋಳಗಳು ಸಾಕಿದ ಹುಡುಗನ ಕಥೆಗಳೂ ಶುರುವಾದವು.

ಹಡಗಿನಂಥ ಮನೆ

ಕ್ಯಾರಿಯ ತಮ್ಮ ಬೀಟಿಯ ಹತ್ತಿರ ಸುಮಾರು ಹನ್ನೊಂದು ಎಕರೆ ಜಾಗ ಕೊಂಡರು. ನ್ಯೂಯಾರ್ಕಿನ ಹೆನ್ರಿ ರಟ್ಗರ್ಸ್ ಮಾರ್ಷಲ್ ಎಂಬ ವಾಸ್ತುಶಿಲ್ಪಿ ನಕ್ಷೆ ಹಾಕಿದ. 1893ರಲ್ಲಿ ಗೃಹಪ್ರವೇಶ.

ಮನೆಯ ಉದ್ದ 90 ಅಡಿ. ಅಗಲ ಅದರ ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಕಲ್ಲಿನ ತಳಪಾಯ, ಮೇಲೆಲ್ಲಾ ಮಬ್ಬು ಹಸಿರು ಬಣ್ಣದ ಮರದ ಹಲಗೆ-ಚಿಪ್ಪಿನ ಹೊದಿಕೆ. ಗುಡ್ಡದ ಇಳಿಜಾರಿನಲ್ಲಿ ನಿಂತದ್ದನ್ನು ನೋಡಿದರೆ ನಿಜವಾಗಿ ಹಡಗಿನ ಹಾಗೇ ಕಾಣುತ್ತೆ, ಕಿಪ್ಲಿಂಗ್ ಕೂಡ ಹಾಗೇ ಹೇಳುತ್ತಿದ್ದನಂತೆ. ಪಶ್ಚಿಮಕ್ಕೆ, ಅಂದರೆ ಗುಡ್ಡದ ಕಡೆಗೆ, ಉದ್ದಕ್ಕೆ ಒಂದು ಓಣಿ. ಕೋಣೆಗಳೆಲ್ಲ ಸಾಲಾಗಿ ಪೂರ್ವಕ್ಕೆ ಮುಖ ಮಾಡಿವೆ. ಕಿಟಕಿ ತೆಗೆದರೆ ಕನೆಕ್ಟಿಕಟ್ ನದಿಯ ಕಣಿವೆ, ಆಚೆಗೆ ನ್ಯೂಹ್ಯಾಂಪ್‌ಶೈರ್‌ನ ಬೆಟ್ಟಗಳು. ಬೆಳಿಗ್ಗೆ ಅಪ್ಪ ಸಂಧ್ಯಾವಂದನೆಗೆ ದಿಕ್ಕು ಹುಡುಕಬೇಕಾದ ಕಷ್ಟ ಇರಲಿಲ್ಲ :-)

ಹಡಗಿನ ಮೂತಿ ಅಂದರೆ ದಕ್ಷಿಣದ ತುದಿ. ಅಲ್ಲಿದೆ ಅವನ ಬರೆಯುವ ಕೋಣೆ. ಅಲ್ಲಿಗೆ ಹೋಗಬೇಕಾದರೆ ಕ್ಯಾರಿಯ ಕೋಣೆ ದಾಟಬೇಕು. ಬಂದವರನ್ನೆಲ್ಲ ಅವಳು ಅಲ್ಲೇ ತಡೆದು ವಾಪಸ್ ಕಳಿಸುತ್ತಿದ್ದಳು, ಅದಕ್ಕೇ ಆ ಕೋಣೆಗೆ ಡ್ರ್ಯಾಗನ್ನಿನ ಕೋಣೆ ಅಂತ ಅಡ್ಡಹೆಸರು. ನಾವು ಸಾಫ್ಟ್‌ವೇರಿನವರು ಫೈರ್‌ವಾಲ್ ಅಂತೀವಲ್ಲ, ಅದು. ಕಿಪ್ಲಿಂಗನ ಅಪ್ಪ ಲಾಕ್‌ವುಡ್ ಲಾಹೋರಿನ ಕಲಾಶಾಲೆಯಿಂದ ನಿವೃತ್ತನಾಗಿ ಮಗನ ಮನೆಗೆ ಬಂದಿದ್ದಾಗ, ಬರೆಯುವ ಕೋಣೆಯ ಬೆಂಕಿಗೂಡಿನ ಮೇಲೆ ಬೈಬಲ್ಲಿನ ಒಂದು ಮಾತನ್ನು ಗಾರೆಯಲ್ಲಿ ಕೊರೆದ. ಹೊತ್ತು ಮುಳುಗುವ ಮೊದಲು ಕೆಲಸ ಮುಗಿಸು ಅನ್ನೋ ಅರ್ಥದ್ದು. ಅದು ಇವತ್ತಿಗೂ ಹಾಗೇ ಇದೆ. ಅಪ್ಪ ಅದರ ಕೆಳಗೆ ಬಹಳ ಹೊತ್ತು ನಿಂತು ನೋಡಿದರು.

ಅಪ್ಪ ಹೇಳಿದ ಮಾತಿಗೂ ಅಷ್ಟೇ ಗಮನ ಕೊಡಬೇಕು. ನೆಲ ಮುಟ್ಟಿ ನೋಡಿ ಅಪ್ಪ ಅಂದರು, "ಮನೆ ಅಂತೂ ಗಟ್ಟಿ. ಆದರೆ ಮನುಷ್ಯ ಹಾಗಲ್ಲ ಕಣೋ." ಸುಳ್ಳಲ್ಲ. ಜಲಿಯನ್‌ವಾಲಾ ಬಾಗ್‌ನ ಹತ್ಯಾಕಾಂಡ ನಡೆಸಿದ ಡಯರ್‌ಗೋಸ್ಕರ 1920ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದು ಎತ್ತಿದ ನಿಧಿಗೆ ಕಿಪ್ಲಿಂಗ್ ಹತ್ತು ಪೌಂಡ್ ಕೊಟ್ಟಿದ್ದ. ಮೋಗ್ಲಿಯನ್ನು ಬರೆದ ಕೈಯೂ ಅದೇ, ಆ ಹತ್ತು ಪೌಂಡ್ ಕೊಟ್ಟ ಕೈಯೂ ಅದೇ. ನಾನು ಇದನ್ನು ಮರೆಮಾಚಿ ಮನೆಯ ಗುಣಗಾನ ಮಾಡೋಕೆ ಹೊರಟಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಮುಂದೆ ಓದಿ.

ಆ ಮನೆಯಲ್ಲಿ ಅವನು ಇದ್ದದ್ದು ಮೂರೇ ವರ್ಷ. ಅಷ್ಟರಲ್ಲಿ ಜಂಗಲ್ ಬುಕ್ (1894), ಅದರ ಎರಡನೇ ಭಾಗ (1895), ಕ್ಯಾಪ್ಟನ್ಸ್ ಕರೇಜಿಯಸ್ (ಪುಸ್ತಕವಾಗಿ 1897) ಎಲ್ಲ ಬಂದವು. 1894ರ ನವೆಂಬರಿನಲ್ಲಿ ಷರ್ಲಾಕ್ ಹೋಮ್ಸ್ ಖ್ಯಾತಿಯ ಕಾನನ್ ಡಾಯ್ಲ್ ಬಂದು ಇಲ್ಲಿ ಉಳಿದು, ಹುಲ್ಲುಗಾವಲಿನಲ್ಲಿ ಕಿಪ್ಲಿಂಗನಿಗೆ ಗಾಲ್ಫ್ ಹೇಳಿಕೊಟ್ಟ. ಆಮೇಲೆ ಕಿಪ್ಲಿಂಗ್ ಚೆಂಡಿಗೆ ಕೆಂಪು ಬಣ್ಣ ಹಚ್ಚಿ ಹಿಮದ ಮೇಲೂ ಆಡಿದನಂತೆ.

ಭಾವಮೈದನ ಜಗಳ

ಇನ್ನು ಈ ಕಥೆಯಲ್ಲಿ ನನಗೆ ಅತಿ ಪರಿಚಿತ ಅನ್ನಿಸಿದ ಭಾಗ. ಜಾಗ ಮಾರಿದ ಬೀಟಿ ಪಕ್ಕದಲ್ಲೇ ಇದ್ದ. ಮನೆ ಕಟ್ಟುವಾಗ ಆಳು-ಕಾಳು ನೋಡಿಕೊಂಡವನೂ ಅವನೇ. ಖುಷಿಯ ಮನುಷ್ಯ, ಕುಡಿತ ಜಾಸ್ತಿ, ಸಾಲ ಇನ್ನೂ ಜಾಸ್ತಿ. ಜಾಗ ಮಾರುವಾಗ ಅಲ್ಲಿನ ಹುಲ್ಲು ಕೊಯ್ದುಕೊಳ್ಳುವ ಹಕ್ಕು ತನ್ನದೇ ಅಂತ ಮಾತಾಗಿತ್ತು. ಅಕ್ಕ ಕ್ಯಾರಿಗೆ ಆ ಹುಲ್ಲುಗಾವಲಿನಲ್ಲಿ ಹೂದೋಟ ಮಾಡಿಸುವ ಆಸೆ. ಅಷ್ಟೇ ನೋಡಿ. ಮಾತಿಗೆ ಮಾತು ಬೆಳೆಯಿತು. ಎದುರುಬದುರು ಮನೆಯವರು ಮಾತು ಬಿಟ್ಟರು.

1896ರ ಮೇ ತಿಂಗಳಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಕಿಪ್ಲಿಂಗನನ್ನು ದಾರಿಯಲ್ಲಿ ಅಡ್ಡಹಾಕಿ ಬೀಟಿ ಬೆದರಿಸಿದ. ಕಿಪ್ಲಿಂಗ್ ದೂರು ಕೊಟ್ಟ, ಬೀಟಿಯ ಬಂಧನವಾಯ್ತು. ಕೇಸು ವಿಚಾರಣೆಗೆ ಬಂದಾಗ ಪತ್ರಿಕೆಯವರ ದಂಡೇ ನೆರೆಯಿತು. ಪ್ರಸಿದ್ಧ ಲೇಖಕ ಕಟಕಟೆಯಲ್ಲಿ ನಿಂತು ಭಾವಮೈದನಿಗೆ ಹೆದರಿದೆ ಅಂತ ಹೇಳಬೇಕಾಯ್ತು, ಊರೆಲ್ಲ ನಕ್ಕಿತು. ಆ ಹೊತ್ತಿಗೆ ವೆನೆಜುವೆಲಾ ಗಡಿಯ ವಿಷಯಕ್ಕೆ ಅಮೆರಿಕಕ್ಕೂ ಇಂಗ್ಲೆಂಡಿಗೂ ಬೇರೆ ಮನಸ್ತಾಪ ಆಗಿತ್ತು. ಎಲ್ಲ ಸೇರಿ ಸಾಕಾಯ್ತು. ಆ ವರ್ಷದ ಬೇಸಿಗೆ ಮುಗಿಯುತ್ತಿದ್ದಂತೆ ಕಿಪ್ಲಿಂಗ್ ಸಂಸಾರ ಇಂಗ್ಲೆಂಡಿಗೆ ಹೊರಟಿತು. ಎರಡನೇ ಮಗಳು ಎಲ್ಸಿ ನೌಲಖಾದಲ್ಲೇ ಹುಟ್ಟಿ ಆರು ತಿಂಗಳಷ್ಟೇ ಆಗಿತ್ತು.

1899ರಲ್ಲಿ ಒಮ್ಮೆ ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನಲ್ಲಿ ಅಪ್ಪ-ಮಗಳಿಬ್ಬರಿಗೂ ನ್ಯುಮೋನಿಯಾ. ಅಪ್ಪ ಬದುಕಿಕೊಂಡ. ಮಾರ್ಚ್ 6ರಂದು ಜೋಸೆಫಿನ್ ತೀರಿಕೊಂಡಳು, ವಯಸ್ಸು ಆರು. ಅವಳು ಓಡಾಡಿದ ಆ ಮನೆಗೆ ಕಿಪ್ಲಿಂಗ್ ಮತ್ತೆ ಕಾಲಿಡಲೇ ಇಲ್ಲ. 1903ರಲ್ಲಿ ಮನೆ ಮಾರಾಟವಾಯ್ತು, ಒಳಗಿದ್ದ ಎಷ್ಟೋ ಸಾಮಾನಿನ ಸಮೇತ.

ಬೀಗ ಹಾಕಿದ ಮನೆ, ಬಾಗಿಲು ತೆಗೆದವರು

ಕೊಂಡವರು ಪರಿಚಯದವರೇ. ಹಾಲ್‌ಬ್ರೂಕ್ ಕುಟುಂಬದ ಕೈಯಲ್ಲಿ ಮನೆ 1992ರ ತನಕ ಇತ್ತು. ಆದರೆ 1940ರ ದಶಕದಿಂದ ಮುಂದೆ ಹೆಚ್ಚುಕಡಿಮೆ 50 ವರ್ಷ ಅಲ್ಲಿ ಯಾರೂ ವಾಸ ಇರಲಿಲ್ಲ. ಒಂದು ರೀತಿಯಲ್ಲಿ ಇದೇ ಒಳ್ಳೆಯದಾಯ್ತು. ಯಾರೂ ಇಲ್ಲದ್ದರಿಂದ ಯಾರೂ ಗೋಡೆ ಒಡೆಯಲಿಲ್ಲ, ಮೊಸಾಯಿಕ್ ಹಾಕಿಸಲಿಲ್ಲ, ಪಿಠೋಪಕರಣ ಗುಜರಿಗೆ ಹಾಕಲಿಲ್ಲ.

1992ರಲ್ಲಿ ಅದನ್ನು ಕೊಂಡಿದ್ದು ಬ್ರಿಟನ್ನಿನ ಲ್ಯಾಂಡ್‌ಮಾರ್ಕ್ ಟ್ರಸ್ಟ್. ಇವರ ಬಗ್ಗೆ ಸ್ವಲ್ಪ ಹೇಳಲೇಬೇಕು. 1965ರಲ್ಲಿ ಜಾನ್ ಸ್ಮಿತ್ ಮತ್ತು ಅವರ ಹೆಂಡತಿ ಕ್ರಿಶ್ಚಿಯನ್ ಸೇರಿ ಇದನ್ನು ಶುರು ಮಾಡಿದರು. ದೊಡ್ಡ ಅರಮನೆಗಳನ್ನು ಉಳಿಸೋಕೆ ಅಲ್ಲಿ ನ್ಯಾಷನಲ್ ಟ್ರಸ್ಟ್ ಇದೆ. ಆದರೆ ಸಣ್ಣಪುಟ್ಟ ಹಳೆ ಮನೆ, ಗೋಪುರ, ಕಾವಲುಗಾರನ ಮನೆ ಇವನ್ನು ಕೇಳುವವರಿಲ್ಲ. ಟಿಕೆಟ್ ಇಟ್ಟು ತೋರಿಸೋಣ ಅಂದರೆ ಅಷ್ಟು ಜನ ಬರಲ್ಲ. ಇವರು ಕಂಡುಕೊಂಡ ದಾರಿ ಬಹಳ ಸರಳ: ರಿಪೇರಿ ಮಾಡು, ರಜೆಗೆ ಬಾಡಿಗೆಗೆ ಕೊಡು, ಬಂದ ಬಾಡಿಗೆಯಲ್ಲಿ ಮುಂದಿನ ರಿಪೇರಿ ನಡೆಸು. 1967ರಲ್ಲಿ ಮೊದಲ ಮನೆ ಬಾಡಿಗೆಗೆ ಹೋಯ್ತು. ಈಗ ಅವರ ಪಟ್ಟಿಯಲ್ಲಿ ಸುಮಾರು 200 ಕಟ್ಟಡಗಳಿವೆ. ಟಿವಿ ಇಡಲ್ಲ. ಕಪಾಟಿನ ತುಂಬ ಪುಸ್ತಕ ಇಡ್ತಾರೆ, ಬಂದುಹೋದವರು ಬರೆಯೋಕೆ ಒಂದು ದಪ್ಪ ನೋಟುಬುಕ್ಕು ಇಡ್ತಾರೆ.

ನೌಲಖಾವನ್ನು ಕಿಪ್ಲಿಂಗನ ಕಾಲದಲ್ಲಿ ಹೇಗಿತ್ತೋ ಹಾಗೆ ದುರಸ್ತಿ ಮಾಡಿ 1993ರಲ್ಲಿ, ಅಂದರೆ ಗೃಹಪ್ರವೇಶವಾಗಿ ಸರಿಯಾಗಿ ನೂರು ವರ್ಷಕ್ಕೆ, ಬಾಡಿಗೆಗೆ ತೆರೆದರು. ಅದೇ ವರ್ಷ ಅಮೆರಿಕ ಸರ್ಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕ ಅಂತ ಘೋಷಿಸಿತು. ಈಗ ನೋಡಿಕೊಳ್ಳೋದು ಅಲ್ಲಿನದೇ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಯುಎಸ್ಎ. ಪಕ್ಕದ ಸ್ಕಾಟ್ ಫಾರ್ಮ್ ಎಂಬ ಹಳೇ ತೋಟವೂ 1995ರಲ್ಲಿ ಇವರಿಗೆ ಬಂತು. ನಾವು ಅಲ್ಲಿಂದ ತಂದ ಸೇಬು ಹಣ್ಣಿಗೆ ನಾನು ಈವರೆಗೆ ತಿಂದ ಯಾವ ಸೇಬೂ ಸಮ ಇಲ್ಲ.

ಎಲ್ಲ ಹಳೆ ಮನೆಗೂ ಒಂದೇ ಮದ್ದಲ್ಲ ಅನ್ನೋದಕ್ಕೆ ಇದೇ ಟ್ರಸ್ಟಿನ ಇನ್ನೊಂದು ಕೆಲಸ ನೋಡಬೇಕು. ಇಂಗ್ಲೆಂಡಿನ ವಾರಿಕ್‌ಶೈರ್‌ನಲ್ಲಿ ಆಸ್ಟ್ಲಿ ಕ್ಯಾಸಲ್ ಅಂತ ಇದೆ. 1978ರಲ್ಲಿ ಬೆಂಕಿ ಬಿದ್ದು ಬರೀ ಗೋಡೆ ಉಳಿದಿತ್ತು. ಅದನ್ನು ಹಳೆಯದರಂತೆ ಕಟ್ಟಿ ಸುಳ್ಳು ಹೇಳುವ ಬದಲು, ಪಾಳು ಗೋಡೆಗಳ ಒಳಗೇ ಹೊಸ ಇಟ್ಟಿಗೆ, ಮರ ಬಳಸಿ ಈ ಕಾಲದ ಮನೆ ಕಟ್ಟಿದರು. ಅದಕ್ಕೆ 2013ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಸ್ಟರ್ಲಿಂಗ್ ಪ್ರೈಜ್ ಬಂತು. ಉಳಿದದ್ದನ್ನು ಉಳಿಸು, ಹೋದದ್ದನ್ನು ಹೋಯ್ತು ಅಂತ ಒಪ್ಪಿಕೋ. ನನಗೆ ಹಿಡಿಸಿದ ತತ್ವ.

ಕಾರಾಪುರದ ಹುಡುಗ

ಇದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಇದೆ. ಜಂಗಲ್ ಬುಕ್‌ನಲ್ಲೇ ಆನೆ ಮಾವುತನ ಮಗ ತೂಮಾಯಿಯ ಕಥೆ ಒಂದಿದೆ. ಅದರಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಮಾದರಿ ಸ್ಯಾಂಡರ್ಸನ್ ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಕಾಲುವೆ ಕೆಲಸಕ್ಕೆ ಬಂದು, 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಆನೆ ಹಿಡಿದ ಅದೇ ಸ್ಯಾಂಡರ್ಸನ್. ಆ ಕಥೆಯನ್ನು 'ಎಲಿಫೆಂಟ್ ಬಾಯ್' ಅಂತ ಸಿನಿಮಾ ಮಾಡೋಕೆ ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಅವರಿಗೆ ಸಿಕ್ಕಿದವನು ಹೆಗ್ಗಡದೇವನಕೋಟೆ ತಾಲೂಕಿನ ಕಾರಾಪುರದ ಮಾವುತನ ಮಗ ಸಾಬು. ಸಿನಿಮಾ 1937ರಲ್ಲಿ ಬಂತು. 1942ರ ಹಾಲಿವುಡ್ ಜಂಗಲ್ ಬುಕ್‌ನಲ್ಲಿ ಮೋಗ್ಲಿಯಾದವನೂ ಅವನೇ. ವರ್ಮಾಂಟಿನ ಹಿಮದಲ್ಲಿ ಹುಟ್ಟಿದ ಮೋಗ್ಲಿಗೆ ಮುಖ ಕೊಟ್ಟದ್ದು ಕಬಿನಿ ದಂಡೆಯ ಹುಡುಗ! ಆ ಕಾರಾಪುರದಲ್ಲಿದ್ದ ಮಹಾರಾಜರ ಬೇಟೆ ಬಂಗಲೆ ಕೂಡ ಈಗ ನಮ್ಮ ಸರ್ಕಾರದ ಜಂಗಲ್ ಲಾಡ್ಜಸ್‌ನ ಕೈಯಲ್ಲಿ ಅತಿಥಿಗೃಹ. ಅಂದರೆ ಈ ಉಪಾಯ ನಮಗೆ ಗೊತ್ತಿಲ್ಲದ್ದೇನಲ್ಲ.

ನಮ್ಮಲ್ಲಿ ಬೇರೆ ದಾರಿ ಹಿಡಿದವರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ (2017ರಲ್ಲಿ ತೀರಿಕೊಂಡರು) ಕೆಡವಲು ಹೊರಟ ಹಳೆ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ಜೋಡಿಸಿದರು. ಅಲ್ಲಿನ ಕುಂಜೂರು ಚೌಕಿಮನೆ ನೋಡಿ ನಾನು ಮೂಕನಾಗಿದ್ದೆ. ಅವರು ಇಲ್ಲದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಆದರೆ ಅಲ್ಲಿ ಒಲೆ ಉರಿಯುವುದಿಲ್ಲ, ಮಕ್ಕಳು ಜಗಲಿಯಿಂದ ಬಿದ್ದು ಮಂಡಿ ಕೆತ್ತಿಸಿಕೊಳ್ಳುವುದಿಲ್ಲ. ಮ್ಯೂಸಿಯಂ ಅಂದಮೇಲೆ ಅದು ಹಾಗೇ ಇರಬೇಕು, ತಪ್ಪಲ್ಲ. ನೌಲಖಾದಲ್ಲಿ ಮೂರು ದಿನ ಇದ್ದ ಮೇಲೆ ಮಾತ್ರ ನನಗೆ ಉರಿಯುವ ಒಲೆಯ ಮೇಲೆ ಆಸೆ ಹುಟ್ಟಿದೆ.

ನಮ್ಮ ಮನೆ

ಅಜ್ಜನ ಮನೆ ನೂರು ದಾಟಿದ ಹೆಂಚಿನ ತೊಟ್ಟಿಮನೆ. ಅಜ್ಜಿ ಹೋದ ಮೇಲೆ ಬೀಗ ಬಿದ್ದಿದೆ. ಚಿಕ್ಕಪ್ಪ ಅಂದದ್ದು, ಕಂಬ-ಬಾಗಿಲು ಹಳೇ ಸಾಮಾನಿನ ವ್ಯಾಪಾರಿಗೆ ಕೊಟ್ಟು ಬಂದ ದುಡ್ಡು ಹಂಚಿಕೊಳ್ಳೋಣ. ಅಪ್ಪ ಅಂದದ್ದು, ನಾನು ಬದುಕಿರುವ ತನಕ ಕೈ ಹಚ್ಚಬೇಡ. ಹಾಗಂತ ಅಪ್ಪ ರಿಪೇರಿಯನ್ನೂ ಮಾಡಿಸಲಿಲ್ಲ. ಎಂಟು ಮಳೆಗಾಲದಲ್ಲಿ ಮಂಗ ಕುಣಿದು ಹೆಂಚು ಒಡೆದು, ನೀರಿಳಿದು ರೀಪು ಪಕಾಸಿಗಳಿಗೆ ಗೆದ್ದಲು ಹತ್ತಿದೆ. ವರ್ಮಾಂಟಿನಲ್ಲಿ ಕೂತು ಯೋಚಿಸಿದಾಗ ಹೊಳೆದದ್ದು: ಇಬ್ಬರಲ್ಲಿ ಯಾರೂ ಮನೆಯನ್ನು ಉಳಿಸುತ್ತಿಲ್ಲ. ಒಬ್ಬರು ಒಂದೇ ದಿನ ಕೆಡವಬೇಕು ಅಂತಾರೆ, ಇನ್ನೊಬ್ಬರು ನಿಧಾನಕ್ಕೆ ಕೆಡವುತ್ತಿದ್ದಾರೆ. ಬೀಟಿಯ ಹುಲ್ಲಿನ ಕಥೆ ಹೇಳುವಾಗ ನಾನು ಬೇಕೆಂದೇ ಗಟ್ಟಿಯಾಗಿ ಹೇಳಿದೆ. ಅಪ್ಪ ಕಿಟಕಿಯ ಆಚೆ ನೋಡುತ್ತಾ ಇದ್ದರು.

ಮೂರನೇ ರಾತ್ರಿ ಊಟ ಆದ ಮೇಲೆ ಅಪ್ಪ ಇದ್ದಕ್ಕಿದ್ದಂತೆ ಲೆಕ್ಕಕ್ಕೆ ಕೂತರು. ಒಂದು ರಾತ್ರಿಗೆ ಎಷ್ಟು, ವರ್ಷಕ್ಕೆ ಎಷ್ಟು ರಾತ್ರಿ ಜನ ಬರಬಹುದು, ರಿಪೇರಿಗೆ ಎಷ್ಟು ಬೇಕು. ಆಮೇಲೆ ಚಿಕ್ಕಪ್ಪನ ಮಗನ ಕಡೆ ತಿರುಗಿದರು.

"ಅಟ್ಟದ ಬೀಗದ ಕೈ ನಿಮ್ಮಪ್ಪನ ಹತ್ರ ಇರಬೇಕಲ್ಲೋ?"

"ಇದೆ ದೊಡ್ಡಪ್ಪ. ದೇವರ ಗೂಡಲ್ಲಿ ಇಟ್ಟಿದ್ದಾರೆ."

"ಹ್ಞೂಂ... ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಕೇಳು ಅವನನ್ನ."

ಅಷ್ಟೇ. ತಬ್ಬಿಕೊಂಡು ಅಳೋದೆಲ್ಲ ನಮ್ಮ ಮನೇಲಿ ಇಲ್ಲ :-) ಆದರೆ ಮುಂದಿನ ಏಪ್ರಿಲ್ಲಿನಲ್ಲಿ ಹೆಂಚು ಕೈಯಾಡಿಸಿದ್ದು ನಿಜ, ಖರ್ಚು ಅರ್ಧರ್ಧ ಹಾಕಿಕೊಂಡಿದ್ದೂ ನಿಜ. ಹೋದ ದೀಪಾವಳಿಗೆ ಹದಿನೇಳು ಜನ ಅಲ್ಲೇ ಸೇರಿದ್ದೆವು. ನೀರಿನ ಪಂಪು ಕೈಕೊಟ್ಟಿತು, ಬಚ್ಚಲು ಒಂದೇ, ಬೆಳಿಗ್ಗೆ ಕ್ಯೂ. ಬಾಡಿಗೆಗೆ ಕೊಡುವಷ್ಟು ಆಗೋಕೆ ಇನ್ನೂ ಎರಡು ವರ್ಷವಾದರೂ ಬೇಕು. ಹಿಂದಿನ ಸಾಲು ಪೂರ್ತಿ ಹೋಗಿದೆ, ಅಲ್ಲಿ ಆಸ್ಟ್ಲಿಯವರ ಹಾಗೆ ಹೊಸದನ್ನು ಹೊಸದೆಂದೇ ಕಟ್ಟುವ ಯೋಚನೆ. ಚಿಕ್ಕಪ್ಪ ಕಾಂಕ್ರೀಟ್ ಅಂತಾರೆ, ಅಪ್ಪ ಮರ ಅಂತಾರೆ. ಜಗಳ ನಡೀತಾ ಇದೆ. ಆದರೆ ಈಗ ಫೋನಿನಲ್ಲಿ ನಡೀತಿದೆ, ದಿನಾ ಸಂಜೆ.

ಜಗಲಿಯ ಗಿಳಿಗೂಟಕ್ಕೆ ನಾನು ಒಂದು ನೋಟುಬುಕ್ಕು ನೇತುಹಾಕಿ ಬಂದಿದ್ದೇನೆ, ಬಂದವರು ಬರೆಯಲಿ ಅಂತ. ಮೊದಲನೇ ಪುಟದಲ್ಲಿ ಅಕ್ಕನ ಮಗಳು ಬರೆದಿದ್ದಾಳೆ, ಬಚ್ಚಲು ಇನ್ನೊಂದು ಬೇಕು ಅಂತ.

ನಿಮ್ಮೂರಲ್ಲೂ ಬೀಗ ಬಿದ್ದ ಮನೆ ಇದ್ದರೆ, ಅದನ್ನು ಯಾರಾದರೂ ತೆರೆದಿದ್ದರೆ, ಹೇಗೆ ಮಾಡಿದಿರಿ ಅಂತ ದಯವಿಟ್ಟು ಬರೆಯಿರಿ. ಗೆದ್ದಲಿಗೆ ಏನು ಮದ್ದು ಅನ್ನೋದನ್ನಂತೂ ಖಂಡಿತ ತಿಳಿಸಿ.